ಅಡಿಕೆ ಸುಲಿಗೆಯ ಸೊಂಟನೋವಿಗೆ ಮನೆಯಲ್ಲೇ ಕಟಿಬಸ್ತಿ: ಕಟ್ಟೆ ಸೋರುತ್ತದೆ, ಎಣ್ಣೆ ಬೇಗ ಆರುತ್ತದೆ, ಏನು ಮಾಡಬೇಕು?

ಸೋಗೆಮನೆ, ಶಿರಸಿ

ಎಲ್ಲರಿಗೂ ನಮಸ್ಕಾರ. ಪಂಚಕರ್ಮದ ಕೆಲಸ ಗೊತ್ತಿದ್ದವರು ದಯವಿಟ್ಟು ಉತ್ತರಿಸಿ.

ಆಯಿಗೆ 61 ವರ್ಷ. ಸುಲಿಗೆ ಶುರುವಾದ ಮೇಲೆ ದಿನಕ್ಕೆ ಆರು ತಾಸು ಮೆಟ್ಟುಗತ್ತಿಯ (ಅಡಿಕೆ ಸುಲಿಯುವ ಮಣೆಗತ್ತಿಯ) ಮೇಲೆ ಕೂರುತ್ತಾಳೆ. ಸೊಂಟದ ಕೆಳಗೆ ಎರಡೂ ಕಡೆ ಹಿಡಿದುಕೊಂಡಿದೆ, ಬಲ ಭುಜವೂ ಬಿಗಿ. ಬೆಳಿಗ್ಗೆ ಎದ್ದು ಹತ್ತು-ಹದಿನೈದು ನಿಮಿಷ ಬಗ್ಗಲಿಕ್ಕೆ ಆಗುವುದಿಲ್ಲ, ಓಡಾಡಿದರೆ ಸಡಿಲವಾಗುತ್ತದೆ. ನೋವು ಕಾಲಿಗೆ ಇಳಿಯುವುದಿಲ್ಲ, ಜೋಮು ಇಲ್ಲ, ಸಕ್ಕರೆ ಕಾಯಿಲೆಯೂ ಇಲ್ಲ. ಎಕ್ಸ್‌ರೇಯಲ್ಲಿ ಸ್ವಲ್ಪ ಸವೆತ ಇದೆ ಅಂದಿದ್ದಾರೆ. ವೈದ್ಯರು ಸಹಚರಾದಿ ತೈಲದಲ್ಲಿ ಏಳು ದಿನ ಕಟಿಬಸ್ತಿ (ಸೊಂಟದ ಮೇಲೆ ಹಿಟ್ಟಿನ ಕಟ್ಟೆ ಕಟ್ಟಿ ಬಿಸಿ ಎಣ್ಣೆ ನಿಲ್ಲಿಸುವುದು) ಹೇಳಿದರು. ದಿನಾ ಪೇಟೆಗೆ ಹೋಗಿಬರುವುದು ಕಷ್ಟ ಅಂದದ್ದಕ್ಕೆ ಒಮ್ಮೆ ಮಾಡಿ ತೋರಿಸಿ, ಉಳಿದದ್ದು ಮನೆಯಲ್ಲೇ ಮಾಡಿ ಅಂದರು.

ತೊಂದರೆ ಇಷ್ಟು. ಉದ್ದಿನ ಹಿಟ್ಟಿನ ಕಟ್ಟೆ ಐದು ನಿಮಿಷಕ್ಕೆ ಬೆನ್ನುಹುರಿಯ ತಗ್ಗಿನಲ್ಲಿ ಸೋರಲು ಶುರುವಾಗುತ್ತದೆ. ಎಣ್ಣೆ ಬೇಗ ತಣ್ಣಗಾಗುತ್ತದೆ. ಅದೇ ಎಣ್ಣೆಯನ್ನು ಎಷ್ಟು ದಿನ ಬಳಸಬಹುದು? ಕಟ್ಟೆ ಕಟ್ಟುವ ಮೊದಲು ಎಣ್ಣೆ ತಿಕ್ಕಬೇಕೋ ಬೇಡವೋ? ಆಯಿಗೆ ನಿದ್ದೆಯೂ ಕಡಿಮೆ. ಶಿರೋಧಾರೆ (ಹಣೆಯ ಮೇಲೆ ಎಣ್ಣೆಯ ಧಾರೆ ಬಿಡುವುದು) ಮನೆಯಲ್ಲಿ ಮಾಡಬಹುದೇ?

ದ್ರೋಣಿ, ಕುಮಟಾ

ಸೋರುವುದಕ್ಕೆ ಹತ್ತರಲ್ಲಿ ಎಂಟು ಸಲ ಕಾರಣ ಒಂದೇ: ಕಟ್ಟೆಯ ಅಡಿಯ ಚರ್ಮದಲ್ಲಿ ಎಣ್ಣೆಯ ಪಸೆ. ಮೊದಲು ತಿಕ್ಕಿ, ಅದೇ ಮೈಮೇಲೆ ಕಟ್ಟೆ ಕೂರಿಸಿದರೆ ಅದು ಹಿಡಿಯುವುದೇ ಇಲ್ಲ. ತಿಕ್ಕುವುದು ಬೇಕು, ಆದರೆ ಆಮೇಲೆ ಕಟ್ಟೆ ಕೂರುವ ಸುತ್ತಳತೆಯನ್ನು ಬಿಸಿನೀರಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ, ಒಣ ಉದ್ದಿನ ಹಿಟ್ಟು ಉದುರಿಸಿ ಅಂಗೈಯಲ್ಲಿ ಉಜ್ಜಿ, ಆ ಹಿಟ್ಟನ್ನು ಪೂರ್ತಿ ಕೊಡವಿ ತೆಗೆಯಿರಿ. ಬೆರಳು ಆಡಿಸಿದರೆ ಜಾರಬಾರದು, ತುಸು ಒರಟಾಗಿ ಸಿಗಬೇಕು.

ಹಿಟ್ಟು ಹೊಸದಾಗಿ ಬೀಸಿದ್ದು, ಸಣ್ಣ ಜರಡಿಯಲ್ಲಿ ಜರಡಿ ಹಿಡಿದದ್ದು ಇರಲಿ. ತರಿತರಿಯಿದ್ದರೆ ಆ ತರಿಯ ಸಂದಿಯಲ್ಲೇ ಎಣ್ಣೆ ದಾರಿ ಮಾಡಿಕೊಳ್ಳುತ್ತದೆ. 400 ಗ್ರಾಂ ಹಿಟ್ಟಿಗೆ ಸುಮಾರು 200 ಮಿ.ಲೀ. ಉಗುರುಬೆಚ್ಚಗಿನ ನೀರು. ಒಮ್ಮೆಲೇ ಸುರಿಯದೆ ಸ್ವಲ್ಪ ಸ್ವಲ್ಪವೇ ಹಾಕಿ, ಚಪಾತಿ ಹಿಟ್ಟಿಗಿಂತ ಒಂದು ಪಟ್ಟು ಗಟ್ಟಿಯಾಗಿ ಹತ್ತು ನಿಮಿಷ ನಾದಿ. ಒದ್ದೆ ಬಟ್ಟೆ ಮುಚ್ಚಿ ಹತ್ತು ನಿಮಿಷ ಇಡಿ. ಮೆತ್ತಗಾದರೆ ಬಿಸಿ ಎಣ್ಣೆಗೆ ಕಟ್ಟೆ ಕುಸಿಯುತ್ತದೆ, ತೀರಾ ಗಟ್ಟಿಯಾದರೆ ಬಿರುಕು ಬಿಡುತ್ತದೆ. ಬೆರಳಿಂದ ಒತ್ತಿದ ಗುಳಿ ಹಾಗೇ ನಿಂತು, ಅಂಚು ಒಡೆಯದಿದ್ದರೆ ಹದ ಬಂದಿದೆ.

ಅದನ್ನು ಹೊಸೆದು ಒಂದೂವರೆ ಅಡಿಗಿಂತ ತುಸು ಉದ್ದದ, 5 ಸೆಂ.ಮೀ. ಎತ್ತರದ, ಎರಡು ಸೆಂ.ಮೀ. ದಪ್ಪದ ಪಟ್ಟಿ ಮಾಡಿ. ಆಯಿಯನ್ನು ಬೋರಲು ಮಲಗಿಸಿ ಹೊಟ್ಟೆಯ ಕೆಳಗೆ ತೆಳ್ಳಗಿನ ದಿಂಬು ಕೊಡಿ. ಇದನ್ನು ಬಹಳ ಮಂದಿ ಬಿಡುತ್ತಾರೆ. ದಿಂಬು ಇಲ್ಲದಿದ್ದರೆ ಸೊಂಟ ತಗ್ಗಾಗಿ, ಕಟ್ಟೆಯ ಒಂದು ಕಡೆ ಎಣ್ಣೆ ತುಂಬಿ ಇನ್ನೊಂದು ಕಡೆ ಬರಿದಾಗುತ್ತದೆ. ಬೆನ್ನುಹುರಿಯ ತಗ್ಗಿಗೆ, ಕಟ್ಟೆ ಹಾಯುವ ಮೇಲಿನ ಮತ್ತು ಕೆಳಗಿನ ಎರಡೂ ಜಾಗದಲ್ಲಿ, ನೆಲ್ಲಿಕಾಯಿ ಗಾತ್ರದ ಹಿಟ್ಟನ್ನು ಮೊದಲೇ ಒತ್ತಿ ಸಮ ಮಾಡಿ. ಅದರ ಮೇಲೆ ಪಟ್ಟಿ ಸುತ್ತಿ. ಬಾಯಿ ಕೂಡುವ ಜಾಗ ಬೆನ್ನುಹುರಿಯ ಮೇಲೆ ಬೇಡ, ಪಕ್ಕೆಯ ಕಡೆ ಬರಲಿ. ಚೂರು ಹಿಟ್ಟನ್ನು ನೀರಲ್ಲಿ ದೋಸೆ ಹಿಟ್ಟಿನಷ್ಟು ಕಲಸಿ, ಬೆರಳಲ್ಲಿ ಕಟ್ಟೆಯ ಬುಡಕ್ಕೆ ಒಳಗೂ ಹೊರಗೂ ಮೆತ್ತಿ. ಮೊದಲಿಗೆ ಎರಡು ಚಮಚ ಎಣ್ಣೆ ಮಾತ್ರ ಹಾಕಿ ಒಂದು ನಿಮಿಷ ನೋಡಿ. ಸೋರುವುದಿದ್ದರೆ ಆಗಲೇ ಗೊತ್ತಾಗುತ್ತದೆ, ಒಣ ಹಿಟ್ಟು ಒತ್ತಿ ಮುಚ್ಚಬಹುದು. 250 ಮಿ.ಲೀ. ತುಂಬಿದ ಮೇಲೆ ಸೋರಿದರೆ ಮುಚ್ಚಲಿಕ್ಕೆ ಬರುವುದಿಲ್ಲ.

ಈಗ ಬಿಸಿಯ ವಿಚಾರ. ಕಟಿಬಸ್ತಿಯಲ್ಲಿ ಎಣ್ಣೆಯ ಹೆಸರಿಗಿಂತ ಬಿಸಿ ಒಂದೇ ಸಮನಾಗಿರುವುದು ಮುಖ್ಯ. ಆರಿದ ಎಣ್ಣೆಯನ್ನು ಅರ್ಧ ತಾಸು ನಿಲ್ಲಿಸಿದರೆ ಬಿಗಿ ಹೆಚ್ಚುತ್ತದೆ, ಕಮ್ಮಿಯಾಗುವುದಿಲ್ಲ. ಎಣ್ಣೆಯ ಪಾತ್ರೆಯನ್ನು ನೇರ ಉರಿಗೆ ಇಡಬೇಡಿ, ತಳ ಸುಟ್ಟು ಮೇಲೆ ಬೆಚ್ಚಗಿರುತ್ತದೆ. ಬಿಸಿನೀರಿನ ಪಾತ್ರೆಯೊಳಗೆ ಎಣ್ಣೆಯ ಬಟ್ಟಲು ಕೂರಿಸಿ. ಕಟ್ಟೆಯೊಳಗೆ 40ರಿಂದ 43 ಡಿಗ್ರಿ ಸಾಕು, 45 ದಾಟಬಾರದು. ಜ್ವರ ನೋಡುವ ಪಾದರಸದ ಕಡ್ಡಿ ಅದ್ದಬೇಡಿ, ಅದರ ಅಳತೆ 42ಕ್ಕೇ ಮುಗಿಯುತ್ತದೆ, ಒಡೆದೀತು. ಅಡುಗೆಯ ಥರ್ಮಾಮೀಟರ್ ಇಲ್ಲದಿದ್ದರೆ ನಿಮ್ಮ ಮಣಿಕಟ್ಟಿನ ಒಳಬದಿಗೆ ಹನಿ ಬಿಟ್ಟು ನೋಡಿ. ಎರಡು ಬಟ್ಟಲು ಇಟ್ಟುಕೊಂಡರೆ ಒಂದು ಬಿಸಿಯಾಗುತ್ತಿರುವಾಗ ಇನ್ನೊಂದು ಕೈಯಲ್ಲಿರುತ್ತದೆ. ನಾಲ್ಕೈದು ನಿಮಿಷಕ್ಕೊಮ್ಮೆ ಹತ್ತಿ ಅದ್ದಿ ಹಿಂಡಿ ಮೂರರಲ್ಲಿ ಒಂದು ಪಾಲು ತೆಗೆದು, ಅಷ್ಟೇ ಬಿಸಿ ಎಣ್ಣೆಯನ್ನು ಕಟ್ಟೆಯ ಒಳಗೋಡೆಗೆ ತಾಗಿಸಿ ಇಳಿಸಿ. ಚರ್ಮದ ಮೇಲೆ ನೇರ ಸುರಿದರೆ ಆ ಒಂದು ಜಾಗ ಸುಡುತ್ತದೆ. ಹಾಕಿದ ಕೂಡಲೇ ಬೆರಳಲ್ಲಿ ಕದಡಿ. ಫ್ಯಾನ್ ಬಂದ್. ಮೊದಲ ದಿನ 20 ನಿಮಿಷ, ಆಮೇಲೆ 30.

ಮುಗಿದ ಮೇಲೆ ಎಣ್ಣೆ ತೆಗೆದು, ಕಟ್ಟೆ ಬಿಡಿಸಿ, ಅದೇ ಪಸೆಯಲ್ಲಿ ಐದು ನಿಮಿಷ ಹಗುರವಾಗಿ ನೀವಿ, ಬಿಸಿನೀರಲ್ಲಿ ಹಿಂಡಿದ ಟವೆಲ್ ಮುಚ್ಚಿ. ಬೋರಲಿಂದ ನೆಟ್ಟಗೆ ಏಳಿಸಬೇಡಿ. ಮಗ್ಗುಲಿಗೆ ಹೊರಳಿಸಿ, ಅರ್ಧ ತಾಸು ಹಾಗೇ ಮಲಗಿದ್ದು, ಕೈಯೂರಿ ಏಳಲಿ. ನೆಲಕ್ಕೆ ಬಿದ್ದ ಎಣ್ಣೆಯನ್ನು ಅಷ್ಟರೊಳಗೆ ಒರೆಸಿಡಿ, ಜಾರಿ ಬಿದ್ದರೆ ನೋವು ಎರಡಾಗುತ್ತದೆ. ಆಮೇಲೆ ಹೆಸರು ಹಿಟ್ಟು ಹಾಕಿ ಬಿಸಿನೀರಿನ ಸ್ನಾನ. ಆ ಏಳು ದಿನ ಮೆಟ್ಟುಗತ್ತಿ ಬೇಡವೇ ಬೇಡ.

ಒಬ್ಬರಿಗೇ ಬಳಸುವುದಾದರೆ ಅದೇ ಎಣ್ಣೆ ಮೂರು ದಿನ ನಡೆಯುತ್ತದೆ. ದಿನಾ ತೆಳುಬಟ್ಟೆಯಲ್ಲಿ ಸೋಸಿ, ಕಮ್ಮಿಯಾದಷ್ಟು ಹೊಸದು ಸೇರಿಸಿ. ಬೆವರು, ಹಿಟ್ಟು ಸೇರಿ ಹುಳಿ ವಾಸನೆ ಬಂದರೆ ಎರಡನೇ ದಿನವೇ ಆದರೂ ತೆಗೆದಿಡಿ. ಆ ಎಣ್ಣೆ ಮೈಗೆ ಬೇಡ, ಕತ್ತಿಗೆ ತುಕ್ಕು ಹಿಡಿಯದ ಹಾಗೆ ಸವರಲು ಆದೀತು. ಬಿಡಿಸಿದ ಹಿಟ್ಟನ್ನು ದನಕ್ಕೆ ಹಾಕಬೇಡಿ.

ಲಕ್ಕಿಸೊಪ್ಪು, ಸಿದ್ದಾಪುರ

ದ್ರೋಣಿಯವರು ಕಟ್ಟೆಯ ಬಗ್ಗೆ ಬರೆದದ್ದಕ್ಕೆ ಸೇರಿಸುವುದು ಏನೂ ಇಲ್ಲ. ತಿಕ್ಕುವುದು, ಭುಜ, ಮತ್ತು ಯಾವಾಗ ಎಣ್ಣೆಯನ್ನೇ ಮುಟ್ಟಬಾರದು ಎನ್ನುವುದು ಬಾಕಿ ಇದೆ.

ಕೊನೆಯದನ್ನೇ ಮೊದಲು ಹೇಳುತ್ತೇನೆ, ಈ ಚರ್ಚೆ ಓದಿ ಬೇರೆಯವರೂ ಮಾಡಲು ಹೊರಡುತ್ತಾರೆ. ನಿಮ್ಮ ಆಯಿಯದು ಹತ್ತು-ಹದಿನೈದು ನಿಮಿಷದಲ್ಲಿ ಸಡಿಲವಾಗುವ ಬಿಗಿ, ಕೂತ ಕೆಲಸದಿಂದ ಬಂದದ್ದು. ಇದಕ್ಕೆ ಎಣ್ಣೆ, ಶಾಖ ಎರಡೂ ಒಗ್ಗುತ್ತದೆ. ಬೆಳಗಿನ ಬಿಗಿ ಒಂದು ತಾಸು ದಾಟಿದರೆ, ಕೈಬೆರಳ ಗಿಣ್ಣು ಊದಿ ಬಿಸಿಯಿದ್ದರೆ, ಬಾಯಿ ರುಚಿ ಕೆಟ್ಟು ಮೈ ಭಾರವಾಗಿದ್ದರೆ ಅದು ಆಮವಾತದ (ಕೀಲು ಊದುವ ವಾತದ) ಕಡೆಯದು. ಅಲ್ಲಿ ಎಣ್ಣೆ ತಿಕ್ಕಿದರೆ ಊತ ಏರುತ್ತದೆ. ಅದಕ್ಕೆ ಹೇಳಿದ್ದು ರೂಕ್ಷ ಸ್ವೇದ, ಅಂದರೆ ಹುರಿದ ಮರಳಿನ ಗಂಟು. ಕರಾವಳಿಯವರು ಕಡಲ ಮರಳನ್ನೇ ಹುರಿಯುತ್ತಾರೆ. ಅದರ ಉಪ್ಪು ತೇವ ಹೀರುವುದರಿಂದ ಬಿಸಿ ಮಾಡಿದಾಗ ಉಗಿ ಹೊರಟು ಸುಡುತ್ತದೆ. ಸಿಹಿನೀರಲ್ಲಿ ಮೂರು ಸಲ ತೊಳೆದು ಬಿಸಿಲಲ್ಲಿ ಒಣಗಿಸಿಯೇ ಹುರಿಯಿರಿ.

ಮೂತ್ರ ತಡೆಯಲಾಗದಿರುವುದು ಅಥವಾ ಕಟ್ಟುವುದು, ತೊಡೆಸಂದಿ ಮರಗಟ್ಟುವುದು, ಕಾಲು ಸೋಲುವುದು, ಬಿದ್ದ ಮೇಲೆ ಬಂದ ನೋವು, ನೋವಿನ ಜೊತೆ ಜ್ವರ: ಇವಕ್ಕೆ ಗಂಟೂ ಬೇಡ ಕಟ್ಟೆಯೂ ಬೇಡ, ಅದೇ ದಿನ ಆಸ್ಪತ್ರೆಗೆ ಹೋಗಿ. ಒಂದೇ ಮೀನಖಂಡ ಊದಿ ನೋಯುತ್ತಿದ್ದರೆ ಅದನ್ನು ಖಂಡಿತ ತಿಕ್ಕಬೇಡಿ. ಒಳಗೆ ರಕ್ತ ಹೆಪ್ಪುಗಟ್ಟಿದ್ದರೆ ಅದು ಕಿತ್ತು ಶ್ವಾಸಕೋಶಕ್ಕೆ ಹೋಗಬಹುದು. ಸಕ್ಕರೆ ಕಾಯಿಲೆಯಿಂದ ಚರ್ಮದ ಅರಿವು ಕಮ್ಮಿಯಾದವರಿಗೆ ಬಿಸಿ ತಿಳಿಯುವುದೇ ಇಲ್ಲ, ಗುಳ್ಳೆ ಎದ್ದ ಮೇಲೆ ಗೊತ್ತಾಗುತ್ತದೆ.

ಎಣ್ಣೆ ತಿಕ್ಕುವುದು ಬೆಳಿಗ್ಗೆ, ಹೊಟ್ಟೆ ಹಗುರ ಇದ್ದಾಗ. ನೆಗಡಿ-ಕಫ ಇದ್ದವರು, ಅಜೀರ್ಣವಾದವರು, ಆಗಷ್ಟೇ ಭೇದಿ-ವಮನದ (ವಾಂತಿಯ) ಶೋಧನ ಮಾಡಿಸಿಕೊಂಡವರು ಬೇಡ. ಸುಶ್ರುತ ಸಂಹಿತೆಗೆ ವ್ಯಾಖ್ಯಾನ ಬರೆದ ಡಲ್ಹಣ, ಎಣ್ಣೆ ರೋಮಕೂಪ ಸೇರಲು 300 ಮಾತ್ರೆ (ಕಾಲದ ಹಳೆಯ ಅಳತೆ), ಮಜ್ಜೆಯವರೆಗೆ 900 ಮಾತ್ರೆ ಎಂದು ಲೆಕ್ಕ ಕೊಡುತ್ತಾನೆ. 900 ಮಾತ್ರೆ ಅಂದರೆ ನಮ್ಮ ಗಡಿಯಾರದಲ್ಲಿ ಹೆಚ್ಚುಕಡಿಮೆ ಐದು ನಿಮಿಷ. ಹಾಗಾಗಿ ಒಂದೊಂದು ಭಾಗಕ್ಕೆ ಐದು ನಿಮಿಷ ಕೊಡಿ, ಇಡೀ ಬೆನ್ನನ್ನು ಎರಡು ನಿಮಿಷದಲ್ಲಿ ಬಳಿದು ಮುಗಿಸಬೇಡಿ. ಬೆನ್ನುಹುರಿಯ ಮೂಳೆಯ ಮೇಲೆ ಒತ್ತಡ ಬೇಡ. ಅದರ ಎರಡೂ ಬದಿಯ ಮಾಂಸದ ಮೇಲೆ ಹೆಬ್ಬೆರಳ ಬುಡದಿಂದ ಉದ್ದಕ್ಕೆ ನೀವಿ, ಸೊಂಟದ ಎಲುಬಿನ ಅಂಚಲ್ಲಿ ಅಂಗೈ ಸುತ್ತಿಸಿ. ಕೈಕಾಲಿಗೆ ಉದ್ದಕ್ಕೆ, ಕೀಲುಗಳಿಗೆ ಸುತ್ತ. 60 ದಾಟಿದ ಹೆಂಗಸರ ಎಲುಬು ಟೊಳ್ಳಾಗಿರುವ ಸಾಧ್ಯತೆ ಇರುವುದರಿಂದ ಮೊಣಕೈ ಊರುವುದು, ಬೆನ್ನ ಮೇಲೆ ಕಾಲಿಟ್ಟು ತುಳಿಯುವುದು ಎರಡೂ ಬೇಡ.

ಸಹಚರಾದಿ ಸೊಂಟದಿಂದ ಕೆಳಗಿನ ವಾತಕ್ಕೆ ಸರಿಯಾದದ್ದೇ. ಬಿಗಿಯ ಜೊತೆ ಭಾರ, ಜಡ್ಡು ಇದ್ದರೆ ಕೊಟ್ಟಂಚುಕ್ಕಾದಿ. ಉರಿ ಇದ್ದರೆ ಪಿಂಡತೈಲ. ಉಳುಕಿಗೆ ಮುರಿವೆಣ್ಣೆ. ಮುರಿವೆಣ್ಣೆ ತೆಂಗಿನೆಣ್ಣೆಯದಾದ್ದರಿಂದ ಘಟ್ಟದ ಮೇಲೆ ಚಳಿಗಾಲದ ಬೆಳಿಗ್ಗೆ ಬಾಟಲಿಯಲ್ಲೇ ಹೆಪ್ಪುಗಟ್ಟುತ್ತದೆ, ಅದು ಕೆಟ್ಟದ್ದಲ್ಲ.

ಭುಜಕ್ಕೆ ಕಟ್ಟೆ ನಿಲ್ಲುವುದಿಲ್ಲ. ಸೊಪ್ಪಿನ ಗಂಟು ಮಾಡಿ. ಲಕ್ಕಿ (ಕರಾವಳಿಯಲ್ಲಿ ನೆಕ್ಕಿ), ಹರಳು, ಹುಣಸೆ, ನುಗ್ಗೆ, ಎಕ್ಕ, ಎಲ್ಲ ಸೇರಿ ಅರ್ಧ ಕಿಲೋ. ಅರ್ಧ ಭಾಗ ಲಕ್ಕಿಯೇ ಇರಲಿ. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಕಣ್ಣಿಗೇ ಅಪಾಯ, ಕೊಯ್ದ ಕೈಯನ್ನು ಸೋಪು ಹಾಕಿ ತೊಳೆಯಿರಿ. ದತ್ತೂರಿ ಮನೆಯಲ್ಲಿ ಬೇಡ. ಸೊಪ್ಪು ತೊಳೆದು, ನೀರು ಪೂರ್ತಿ ಆರಿದ ಮೇಲೆ ಹೆಚ್ಚಿ. ದಪ್ಪ ತಳದ ಬಾಣಲೆಯಲ್ಲಿ 100 ಮಿ.ಲೀ. ಎಳ್ಳೆಣ್ಣೆ ಕಾಯಿಸಿ, ಜಜ್ಜಿದ ಬೆಳ್ಳುಳ್ಳಿ ಹತ್ತು ಎಸಳು, ಬಿಲ್ಲೆ ಮಾಡಿದ ಲಿಂಬೆ ಎರಡು, ಒಂದು ಕಡಿ ತೆಂಗಿನಕಾಯಿಯ ತುರಿ ಹಾಕಿ ಹುರಿಯಿರಿ. ತುರಿ ಕೆಂಪಾಗುತ್ತ ಬಂದಾಗ ಸೊಪ್ಪು ಸೇರಿಸಿ, ಸರಸರ ಸದ್ದು ಬರುವವರೆಗೆ ಬಾಡಿಸಿ. ಎರಡು ಚಮಚ ಸೈಂಧುಪ್ಪು ಹಾಕಿ ಇಳಿಸಿ. ಇಲ್ಲಿ ಆಗುವ ತಪ್ಪು ಅರ್ಧ ಬಾಡಿದ ಸೊಪ್ಪನ್ನು ಕಟ್ಟುವುದು. ಒಳಗಿನ ನೀರು ಉಗಿಯಾಗಿ ಬಟ್ಟೆಯಿಂದ ಹೊರಟು ಚುರುಕ್ ಅನ್ನಿಸುತ್ತದೆ, ಗಂಟೂ ಮರುದಿನಕ್ಕೆ ಹಳಸುತ್ತದೆ.

ಹಳೆಯ ಹತ್ತಿ ಪಂಚೆಯ 45 ಸೆಂ.ಮೀ. ಚೌಕ ಎರಡು ಕತ್ತರಿಸಿ ಎರಡು ಗಂಟು ಕಟ್ಟಿ. ನೂಲನ್ನು ಬಿಗಿಯಾಗಿ ಸುತ್ತಿ, ಹಿಡಿಯಲು ಬಟ್ಟೆಯ ಜುಟ್ಟು ಬಿಡಿ. ಕಾವಲಿಯಲ್ಲಿ ಸ್ವಲ್ಪ ಎಣ್ಣೆ ಇಟ್ಟು ಒಂದನ್ನು ಬಿಸಿ ಮಾಡುತ್ತಿರುವಾಗ ಇನ್ನೊಂದರಿಂದ ಶಾಖ ಕೊಡಿ. ಪ್ರತಿ ಸಲ ನಿಮ್ಮ ಅಂಗೈ ಹಿಂಬದಿಗೆ ಮುಟ್ಟಿಸಿ ನೋಡಿಯೇ ಅವರ ಮೈಗೆ. ಬಿಸಿ ಹೆಚ್ಚಿದ್ದಾಗ ತಟ್ಟಿ ತಟ್ಟಿ ಎತ್ತಿ, ಹದಕ್ಕೆ ಬಂದಾಗ ಒತ್ತಿ ಉಜ್ಜಿ. ಭುಜ, ಕತ್ತಿನ ಬುಡ, ರೆಟ್ಟೆಗೆ ಸೇರಿ 20 ನಿಮಿಷ. ಚಳಿಗಾಲದಲ್ಲಿ ಎರಡು ದಿನ ಅದೇ ಗಂಟು ಆದೀತು, ಮಳೆಗಾಲದಲ್ಲಿ ದಿನಕ್ಕೊಂದು ಹೊಸದು.

ಕಾಳಿದಂಡೆ, ಕಾರವಾರ

ಶಿರೋಧಾರೆಯನ್ನು ಮನೆಯಲ್ಲಿ ಮಾಡಬೇಡಿ ಎಂದೇ ನನ್ನ ಮಾತು. ಚೊಂಬಿಗೆ ತೂತು ಮಾಡಿ ನೇತು ಹಾಕಿದರೆ ಶಿರೋಧಾರೆ ಆಗುವುದಿಲ್ಲ. ಸುಮಾರು ಎರಡು ಲೀಟರ್ ಎಣ್ಣೆ, ಹಣೆಯಿಂದ ನಾಲ್ಕು ಅಂಗುಲ ಎತ್ತರದಲ್ಲಿ ಬತ್ತಿ, 30ರಿಂದ 45 ನಿಮಿಷ ಕಡಿಯದ ಧಾರೆ, ಬಿದ್ದ ಎಣ್ಣೆಯನ್ನು ಹಿಡಿದು ಮತ್ತೆ ಬೆಚ್ಚಗೆ ಮಾಡಿ ತುಂಬಲು ಇನ್ನೊಬ್ಬರು ಬೇಕು. ಧಾರೆ ಹೆಚ್ಚು ಎತ್ತರದಿಂದ ಬಿದ್ದರೆ ಅದೇ ತಲೆನೋವು ತರುತ್ತದೆ. ನಡುವೆ ತಣ್ಣಗಾದರೆ ನೆಗಡಿ ಹಿಡಿಯುತ್ತದೆ.

ನಿದ್ದೆಗೆ ಮನೆಯಲ್ಲಿ ಆಗುವುದು ಶಿರೋಪಿಚು (ನೆತ್ತಿಗೆ ಎಣ್ಣೆಬಟ್ಟೆ) ಮತ್ತು ಪಾದಾಭ್ಯಂಗ (ಪಾದಕ್ಕೆ ಎಣ್ಣೆ ತಿಕ್ಕುವುದು). ಹತ್ತಿಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಅಂಗೈ ಅಗಲದಷ್ಟು ತಗೊಳ್ಳಿ. 25-30 ಮಿ.ಲೀ. ಕ್ಷೀರಬಲಾ ತೈಲವನ್ನು ಉಗುರುಬೆಚ್ಚಗೆ ಮಾಡಿ ಅದ್ದಿ, ಹನಿ ಬೀಳದಷ್ಟು ಹಿಂಡಿ, ನೆತ್ತಿಯ ಮೇಲಿಟ್ಟು ಬಟ್ಟೆ ಕಟ್ಟಿ. ತಲೆಗೆ ಬೆಚ್ಚಗಿನದು ಸಾಕು, ಸೊಂಟದ ಬಿಸಿ ಬೇಡ. ಸಂಜೆ ಅರ್ಧ ತಾಸು. ತೆಗೆದ ಮೇಲೆ ಒಣಬಟ್ಟೆಯಲ್ಲಿ ಒರೆಸಿ, ಒಂದು ಚಿಟಿಕೆ ರಾಸ್ನಾದಿ ಚೂರ್ಣ ನೆತ್ತಿಗೆ ಉಜ್ಜಿ, ಇಲ್ಲದಿದ್ದರೆ ಥಂಡಿ ಹಿಡಿಯುವ ಪೈಕಿಯವರಿಗೆ ಮೂಗು ಕಟ್ಟುತ್ತದೆ.

ಆಮೇಲೆ ಪಾದ. ತಲೆ, ಕಿವಿ, ಪಾದ ಈ ಮೂರಕ್ಕೆ ಎಣ್ಣೆ ವಿಶೇಷವಾಗಿ ಬೇಕು ಎಂದು ಅಷ್ಟಾಂಗ ಹೃದಯದ ದಿನಚರ್ಯೆಯಲ್ಲೇ ಇದೆ. ಹಿಮ್ಮಡಿ ಒಡೆದವರಿಗೆ ನಮ್ಮ ಜಿಲ್ಲೆಯ ಮುರುಗಲ ತುಪ್ಪಕ್ಕಿಂತ ಒಳ್ಳೆಯದು ಇಲ್ಲ. ಅದು ಗಟ್ಟಿ, ಸುಮಾರು 40 ಡಿಗ್ರಿಗೆ ಕರಗುತ್ತದೆ. ಬರೀ ಅದನ್ನೇ ಹಚ್ಚಿದರೆ ಕೈ ಓಡುವುದಿಲ್ಲ, ಒಂದು ಪಾಲಿಗೆ ಮೂರು ಪಾಲು ತೆಂಗಿನೆಣ್ಣೆ ಸೇರಿಸಿ ಕರಗಿಸಿಡಿ. ಒಂದು ಪಾದಕ್ಕೆ ಹತ್ತು ನಿಮಿಷ: ಹಿಮ್ಮಡಿಯಿಂದ ಬೆರಳಿನ ಕಡೆಗೆ ಹೆಬ್ಬೆರಳಿಂದ ಒತ್ತುತ್ತ ಬನ್ನಿ, ಬೆರಳ ಸಂದಿ ಬಿಡಬೇಡಿ, ಕಾಲಗಂಟಿನ ಸುತ್ತ ಸುತ್ತಿಸಿ. ಕಂಚಿನ ಬಟ್ಟಲಲ್ಲಿ ಉಜ್ಜುವುದೂ ಹಿತ. ಆದರೆ ಪಾದ ಕಪ್ಪಾದದ್ದನ್ನು ತೋರಿಸಿ ಮೈಯ ವಿಷ ಹೊರಬಂತು ಎನ್ನುವುದನ್ನು ನಂಬಬೇಡಿ. ಕಂಚಿನ ತಾಮ್ರ-ತವರ ಬೆವರು, ತುಪ್ಪದ ಜೊತೆ ಉಜ್ಜಿ ಬಿಡುವ ಬಣ್ಣ ಅದು. ಬಟ್ಟಲಿಗೆ ತುಪ್ಪ, ಲಿಂಬೆರಸ ಹಾಕಿ ಬಟ್ಟೆಯಲ್ಲಿ ಉಜ್ಜಿದರೂ ಕಪ್ಪಾಗುತ್ತದೆ. ಮಲಗುವ ಮೊದಲು ಪಾದ ಒರೆಸಿ, ಹಳೆಯ ಕಾಲುಚೀಲ ಹಾಕಿ.

ನಿಜವಾದ ಶಿರೋಧಾರೆಯೇ ಬೇಕಾದರೆ ಎಲ್ಲಿಗಾದರೂ ಹೋಗುವ ಮೊದಲು ಎರಡು ಕೇಳಿ. ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಪತ್ರ ಗೋಡೆಗೆ ಇದೆಯೇ, ನೋಡುವ ವೈದ್ಯರಿಗೆ ಕರ್ನಾಟಕ ಆಯುರ್ವೇದ ಮತ್ತು ಯುನಾನಿ ವೈದ್ಯ ಮಂಡಳಿಯ ನೋಂದಣಿ ಸಂಖ್ಯೆ ಇದೆಯೇ. ಪ್ರವಾಸಿಗರ ಬೀದಿಯಲ್ಲಿ ಬೋರ್ಡಿಗೆ ಆಯುರ್ವೇದ ಅಂತ ಬರೆಯಲು ಬಣ್ಣ ಸಾಕು. ಮಾಡಿಸಿಕೊಂಡ ದಿನ ಬೈಕಿನಲ್ಲಿ ದೇವಿಮನೆ ಘಟ್ಟ ಹತ್ತಿ ಇಳಿಯುವುದು ಬೇಡ. ಗಾಳಿ, ಕುಲುಕಾಟ ಎರಡೂ ಸೇರಿ ಮಾಡಿದ್ದು ವ್ಯರ್ಥ.

ಹಂಡೆನೀರು, ಯಲ್ಲಾಪುರ

ಮಧ್ಯೆ ಒಂದು ಪ್ರಶ್ನೆ. ಲಕ್ಕಿಸೊಪ್ಪಿನ ಎಣ್ಣೆ ಮನೆಯಲ್ಲಿ ಕಾಯಿಸಿದರೆ ತಿಂಗಳೊಳಗೆ ಕಮಟುತ್ತದೆ. ಎಲ್ಲಿ ತಪ್ಪುತ್ತದೆ?

ಲಕ್ಕಿಸೊಪ್ಪು, ಸಿದ್ದಾಪುರ

ನೀರು ಉಳಿದಿದೆ. ಹಸಿ ರಸದಲ್ಲಿ ಕಾಯಿಸುವಾಗ ಲೆಕ್ಕ ಹೀಗೆ: ಎಳ್ಳೆಣ್ಣೆ ಅರ್ಧ ಲೀಟರ್, ಲಕ್ಕಿ ಸೊಪ್ಪಿನ ರಸ ಎರಡು ಲೀಟರ್, ಅದೇ ಸೊಪ್ಪು ಅರೆದ ಕಲ್ಕ ಎಣ್ಣೆಯ ಎಂಟನೇ ಒಂದು, ಅಂದರೆ 60 ಗ್ರಾಂ. ಬಾಯಿ ಅಗಲದ ಪಾತ್ರೆ, ಸಣ್ಣ ಉರಿ. ಒಂದೇ ದಿನ ದೊಡ್ಡ ಉರಿಯಲ್ಲಿ ಮುಗಿಸಬೇಡಿ, ಕಲ್ಕ ತಳ ಹಿಡಿದು ಸೀದ ವಾಸನೆ ಬರುತ್ತದೆ. ತಳ ಕೆದಕುತ್ತಲೇ ಇರಿ.

ಹದ ನೋಡುವುದಕ್ಕೆ ಕಲ್ಕವನ್ನು ಸೌಟಿನಿಂದ ತೆಗೆದು, ಆರಿಸಿ, ಬೆರಳಲ್ಲಿ ಹೊಸೆಯಿರಿ. ಅಂಟಿಕೊಳ್ಳದೆ ಬತ್ತಿಯ ಹಾಗೆ ಬರಬೇಕು. ಆ ಬತ್ತಿಯನ್ನು ಬೆಂಕಿಗೆ ಹಿಡಿದರೆ ಚಟಪಟ ಅನ್ನಬಾರದು, ಹಾಗೆ ಸದ್ದು ಬಂದರೆ ನೀರಿದೆ. ಎಣ್ಣೆಯಲ್ಲಿ ಕೊನೆಗೆ ನೊರೆ ಏಳುತ್ತದೆ, ಅದು ಗುರುತು. ತುಪ್ಪದಲ್ಲಿ ಇದಕ್ಕೆ ತಿರುಗಾಮುರುಗ, ನೊರೆ ಅಡಗುತ್ತದೆ. ಮೈಗೆ ಹಚ್ಚುವ ಎಣ್ಣೆಗೆ ಖರಪಾಕ, ಕಲ್ಕ ತುಸು ಗಟ್ಟಿ ಆದರೂ ನಡೆಯುತ್ತದೆ, ಕರಕಲಾಗಬಾರದು. ಬಿಸಿ ಇರುವಾಗಲೇ ಸೋಸಿ. ಕರ್ಪೂರ ಹಾಕುವುದಿದ್ದರೆ ಒಲೆಯಿಂದ ಇಳಿಸಿ ಬೆಚ್ಚಗಾದ ಮೇಲೆ, 100 ಮಿ.ಲೀ.ಗೆ ಮೂರು ಗ್ರಾಂ. ಉರಿಯ ಮೇಲೆ ಹಾಕಿದರೆ ಹಾರಿಹೋಗುತ್ತದೆ, ಹೊತ್ತಿಕೊಳ್ಳಲೂಬಹುದು. ಕರ್ಪೂರದೆಣ್ಣೆ ಎಳೆಮಕ್ಕಳಿಗೆ ಬೇಡ. ಬಾಟಲಿ ತೊಳೆದು ಒರೆಸಿದರೆ ಸಾಲದು, ಬಿಸಿಲಲ್ಲಿ ಒಂದು ದಿನ ಒಣಗಬೇಕು.

ಸೋಗೆಮನೆ, ಶಿರಸಿ

ಎಲ್ಲರಿಗೂ ತುಂಬ ಧನ್ಯವಾದ. ಒರೆಸಿ, ಒಣ ಹಿಟ್ಟು ಉಜ್ಜಿ, ತಗ್ಗಿಗೆ ಉಂಡೆ ಒತ್ತಿದ ಮೇಲೆ ಇವತ್ತು 20 ನಿಮಿಷ ಒಂದು ಹನಿಯೂ ಸೋರಲಿಲ್ಲ. ಇನ್ನೊಂದು ಕೇಳಬೇಕು: ಮೂರನೇ ದಿನ ನೋವು ಸ್ವಲ್ಪ ಹೆಚ್ಚಾದರೆ ನಿಲ್ಲಿಸಬೇಕೇ? ಏಳು ದಿನ ಆದಮೇಲೆ ಯಾವಾಗ ಸುಲಿಗೆಗೆ ಕೂರಬಹುದು?

ದ್ರೋಣಿ, ಕುಮಟಾ

ಮೈಕೈ ನೊಂದ ಹಾಗೆ ಸ್ವಲ್ಪ ಆದರೆ ಬಿಸಿ ಒಂದೆರಡು ಡಿಗ್ರಿ ಇಳಿಸಿ, ಹೊತ್ತು 20 ನಿಮಿಷಕ್ಕೆ ಇಳಿಸಿ ಮುಂದುವರಿಸಿ. ಕಟ್ಟೆಯ ಆಕಾರಕ್ಕೇ ಕೆಂಪಾಗಿ ತುರಿಸಿದರೆ, ಗುಳ್ಳೆ ಎದ್ದರೆ, ನೋವು ಕಾಲಿಗೆ ಇಳಿಯಲು ಶುರುವಾದರೆ ನಿಲ್ಲಿಸಿ ವೈದ್ಯರಿಗೆ ಹೇಳಿ.

ಸುಲಿಗೆಗೆ ಇನ್ನೂ ಏಳು ದಿನ ಬಿಟ್ಟು ಕೂರಲಿ. ಶಾಸ್ತ್ರದಲ್ಲಿ ಚಿಕಿತ್ಸೆ ಎಷ್ಟು ದಿನವೋ ಪರಿಹಾರಕಾಲವೂ (ಆಮೇಲಿನ ಪಥ್ಯ-ವಿಶ್ರಾಂತಿಯ ದಿನಗಳು) ಅದಕ್ಕೆ ಕಮ್ಮಿ ಇರಬಾರದು. ಕೂರುವಾಗ ಎರಡು ಬದಲಾಯಿಸಿ. ಹಸಿ ಅಡಿಕೆಯ ರಾಶಿ ಬಲ ಹಿಂಬದಿಗೆ ಇದ್ದರೆ ಒಂದೊಂದು ಅಡಿಕೆಗೂ ಸೊಂಟ ತಿರುಚುತ್ತದೆ, ದಿನಕ್ಕೆ ಸಾವಿರಾರು ಸಲ. ಬುಟ್ಟಿಯನ್ನು ಮುಂದೆ, ಕೈಚಾಚಿದರೆ ಸಿಗುವ ಹಾಗೆ, ಮೊಣಕಾಲಿನಷ್ಟು ಎತ್ತರಕ್ಕೆ ಇಡಿ. ಮಣೆಯ ಮೇಲೆ ನಾಲ್ಕು ಬೆರಳು ದಪ್ಪದ ಮಡಿಸಿದ ಕಂಬಳಿ ಹಾಕಿದರೆ ಸೊಂಟ ಮೊಣಕಾಲಿಗಿಂತ ಮೇಲೆ ಬರುತ್ತದೆ, ಬೆನ್ನು ಬಿಲ್ಲಾಗುವುದಿಲ್ಲ. 40 ನಿಮಿಷಕ್ಕೊಮ್ಮೆ ಎದ್ದು ಅಂಗಳದ ತುದಿಗೆ ಹೋಗಿ ಬರಲಿ.

ಸೋಗೆಮನೆ, ಶಿರಸಿ

ರಾಶಿ ಬಲ ಹಿಂಬದಿಗೇ ಇತ್ತು. ಬುಟ್ಟಿಯನ್ನು ಮುಂದಕ್ಕೆ ತಂದಿಟ್ಟಿದ್ದೇನೆ.